ನನ್ನ ವಿಚಾರ ಕೆಡಿಸಿದವರು

ಅರ್ಥಶಾಸ್ತ್ರ ಕಲಿಸುವವನಿಗೆ ಒಂದು ಶಾಪವಿದೆ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಊಟದ ಪಂಗ್ತಿಯಲ್ಲಿ, ಎಲ್ಲಿ ಕೂತರೂ ಪಕ್ಕದವರು "ಸರ, ನಿಮ್ಮ ವಿಚಾರ ಏನ್ರಿ?" ಎಂದು ಕೇಳುತ್ತಾರೆ. ಹೇಳಲು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಬೈಲಹೊಂಗಲದ ಕಾಲೇಜಿನಲ್ಲಿ ಪಾಠ ಹೇಳತೊಡಗಿ ಹನ್ನೊಂದು ವರ್ಷವಾಯಿತು. ನನ್ನ ವಿಚಾರವನ್ನು ಒಮ್ಮೆಯೂ ಪೂರ್ತಿ ಹೇಳಿ ಮುಗಿಸಿದ ನೆನಪಿಲ್ಲ.

ಉತ್ತರಕ್ಕಾಗಿ ನಿಜವಾಗಿ ಕಾದವಳು ಒಬ್ಬಳೇ. ಯರಗಟ್ಟಿಯ ಹುಡುಗಿ, ಅಲ್ಲೇ ಔಷಧಿ ಅಂಗಡಿ ನಡೆಸುತ್ತಿದ್ದಳು. ಹಿರಿಯರು ನಮ್ಮಿಬ್ಬರ ಮದುವೆಯ ಮಾತು ತೆಗೆದಿದ್ದರು. ಕನ್ಯೆ ನೋಡಲು ಹೋಗುವ ಭಾನುವಾರಕ್ಕೆ ಇನ್ನೂ ಒಂದು ವಾರ ಇರುವಾಗ ಅವಳೇ ಫೋನ್ ಮಾಡಿದಳು.

"ನಮ್ಮಪ್ಪಾ, ನಮ್ಮ ಕಾಕಾ ಚುನಾವಣಿ ಸಂಬಂಧ ಮಾತು ಬಿಟ್ಟು ಎರಡು ವರ್ಷ ಆತ್ರಿ. ಅಂಥಾ ಇನ್ನೊಬ್ಬ ಗಂಡಸು ನನಗ ಬ್ಯಾಡ. ನಿಮ್ಮ ವಿಚಾರ ಏನು, ಅವು ಎಲ್ಲಿಂದ ಬಂದಾವು, ಭಾನುವಾರ ಹೇಳ್ರಿ. ಆಮ್ಯಾಲೆ ಹೂಂ ಅನ್ನೂದೋ ಉಹೂಂ ಅನ್ನೂದೋ ನೋಡತೇನಿ."

"ಎಲ್ಲಿಂದ ಬಂದಾವು ಅನ್ನೂದು ಯಾಕ ಬೇಕ್ರಿ?"

"ಚೀಟಿ ನೋಡದ ನಾ ಗುಳಗಿ ಕೊಡೂದಿಲ್ಲ. ಯಾ ಡಾಕ್ಟರ್ ಬರದಾರ ಅಂತ ಗೊತ್ತಾಗಬೇಕಲ್ಲ?"

ಫೋಟೊ ನೋಡಿದಾಗ, ಆದರೆ ಆಗಲಿ ಎಂದಿದ್ದೆ. ಈ ಮಾತು ಕೇಳಿದ ಮೇಲೆ ಈಕೆಯೇ ಆಗಬೇಕು ಎನಿಸಿತು. ಒಂದು ನೋಟುಬುಕ್ಕು ತಂದೆ. ಮೊದಲ ಪುಟದಲ್ಲಿ 'ನನ್ನ ರಾಜಕೀಯ ಮತ್ತು ಆರ್ಥಿಕ ವಿಚಾರಗಳು ಹಾಗೂ ಅವುಗಳ ಮೂಲ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಧಾರವಾಡದಲ್ಲಿ ಓದಿದ ದಪ್ಪ ಪುಸ್ತಕಗಳನ್ನು ಪಟ್ಟಿ ಮಾಡುವ ಉದ್ದೇಶವಿತ್ತು. ಪ್ರಾಮಾಣಿಕವಾಗಿ ಯೋಚಿಸಿದಾಗ ಬಂದದ್ದು ಇವು.

1. ಎಡಗಡೆಯ ಎತ್ತು

ಎಂ.ಎ. ಮುಗಿಸಿ ಊರಿಗೆ, ಎಂದರೆ ಸುರೇಬಾನಕ್ಕೆ, ಮರಳಿದಾಗ ನಾನು ಎಡಪಂಥೀಯ. ಗಡ್ಡವೂ ಇತ್ತು. ನೆರೆಮನೆಯ ಕಾಕಾ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ.

"ಏನೋ, ಧಾರವಾಡಕ್ಕ ಹೋಗಿ ಏನ ಆಗಿ ಬಂದಿ?"

"ನಾ ಎಡಕ್ಕ ಅದೇನಿ ಕಾಕಾ."

ಕಾಕಾ ಎತ್ತು ನಿಲ್ಲಿಸಿದ. ನಮ್ಮಲ್ಲಿ ಜೋಡಿಯ ಯಾವ ಎತ್ತನ್ನು ಎಡಕ್ಕೆ ಹೂಡಬೇಕು, ಯಾವುದನ್ನು ಬಲಕ್ಕೆ ಎಂಬುದು ಅವು ಹೋರಿಗಳಾಗಿದ್ದಾಗಲೇ ರೂಢಿಯಾಗಿರುತ್ತದೆ. ಅದಲುಬದಲು ಮಾಡಿದರೆ ಎರಡೂ ಹೆಜ್ಜೆ ಕೀಳುವುದಿಲ್ಲ. ಹೀಗಾಗಿ ಕಾಕಾನಿಗೆ ನನ್ನ ಮಾತಿನಲ್ಲಿ ವಿಚಿತ್ರವೇನೂ ಕಾಣಲಿಲ್ಲ.

"ಬಲಕ್ಕ ಹೂಡಿ ನೋಡ್ಯಾರೇನು?"

"ಇಲ್ಲ."

"ಮತ್ತ ಎಡಕ್ಕ ಅಂತ ಹೆಂಗ ಗೊತ್ತಾತು?"

ದುಡಿಯುವ ವರ್ಗ, ಉತ್ಪಾದನೆಯ ಸಾಧನ, ಹೆಚ್ಚುವರಿ ಮೌಲ್ಯ ಎಂದು ಕಾಲು ಗಂಟೆ ವಿವರಿಸಿದೆ. ಕಾಕಾ ತಾಳ್ಮೆಯಿಂದ ಕೇಳಿದ. ಆಮೇಲೆ ಎಡಗಡೆಯ ಎತ್ತಿನ ಬೆನ್ನು ತಟ್ಟಿದ.

"ಇದೂ ಎಡಕ್ಕ ಇರೂದ. ಇದು ಕುಂಟಿ ಎಳೀತೈತಿ. ನೀ ಏನ ಎಳೀತಿ?"

ಅಂದಿನಿಂದ ಎಡದವರಿರಲಿ ಬಲದವರಿರಲಿ, ಯಾರೇ ಸಿದ್ಧಾಂತ ಹೇಳಲು ಬಂದರೂ ಅವರ ಬೆನ್ನ ಹಿಂದೆ ಏನಾದರೂ ಕಟ್ಟಿದೆಯೇ ಎಂದು ಮೊದಲು ಬಗ್ಗಿ ನೋಡುತ್ತೇನೆ. ಇದುವರೆಗೆ ಕಂಡದ್ದು ಹೆಚ್ಚಾಗಿ ಜೀಪು. ಅದನ್ನೂ ಬೇರೆ ಯಾರೋ ಓಡಿಸುತ್ತಿರುತ್ತಾರೆ.

2. ಮುಯ್ಯಿ

ಎಡ ಬಿಟ್ಟವನು ಹೋಗುವುದೆಲ್ಲಿಗೆ? ಮುಕ್ತ ಮಾರುಕಟ್ಟೆಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೈಲಹೊಂಗಲದ ಹತ್ತಿರದ ಒಂದು ಹಳ್ಳಿಗೆ ಸಮೀಕ್ಷೆಗೆ ಹೋಗಿದ್ದೆ. ನಾಲ್ವರು ಹೆಂಗಸರು ಸೋಯಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಅವರದು ಮುಯ್ಯಾಳು ಪದ್ಧತಿ. ಇಂದು ನಾಲ್ವರೂ ಒಬ್ಬಳ ಹೊಲಕ್ಕೆ, ನಾಳೆ ನಾಲ್ವರೂ ಇನ್ನೊಬ್ಬಳ ಹೊಲಕ್ಕೆ. ಕೂಲಿ ಇಲ್ಲ, ತಿರುಗಿ ದುಡಿದು ಕೊಡುವುದೇ ಮುಯ್ಯಿ.

ನಾನು ಬದುವಿನ ಮೇಲೆ ನಿಂತು, ಪೈಪೋಟಿ ಇಲ್ಲದಲ್ಲಿ ದಕ್ಷತೆ ಇರುವುದಿಲ್ಲ, ಶ್ರಮದ ಬೆಲೆಯನ್ನು ಮಾರುಕಟ್ಟೆಯೇ ಕಟ್ಟಬೇಕು ಎಂದು ತಿಳಿಹೇಳಿದೆ. ಅವರು ಸಾಲು ಹಿಡಿದು ಮುಂದೆ ಹೋದಂತೆಲ್ಲ ನಾನೂ ಬದುವಿನ ಮೇಲೆ ಸರಿಯುತ್ತ ಹೋದೆ. ನನ್ನ ಮಾತು ಇನ್ನೂ ಮುಗಿದಿರಲಿಲ್ಲ, ಅವರ ಹೊಲ ಮುಗಿದಿತ್ತು.

ಹಿರಿಯಳು ಸೊಂಟಕ್ಕೆ ಕೈ ಕೊಟ್ಟು ಎದ್ದಳು. "ಸರ, ನಮ್ಮ ಹೊಲಕ್ಕ ಬಂದು ಅರ್ಧಾ ತಾಸು ಮಾತಾಡಿದ್ರಿ. ನಾವು ಮುಯ್ಯಿ ಇಟಗೊಳ್ಳೂ ಮಂದಿ ಅಲ್ಲ. ನಿಮ್ಮ ಕಾಲೇಜು ಎಲ್ಲಿ ಬರತೈತ್ರಿ?"

ಚೇಷ್ಟೆ ಎಂದುಕೊಂಡೆ. ಮುಂದಿನ ಸಂತೆಯ ದಿನ ನಾಲ್ವರೂ ಚೀಲ ಹಿಡಿದು ಸೀದಾ ಕ್ಲಾಸಿಗೆ ಬಂದರು. ಹಿರಿಯಳು ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದಳು. ಮುಯ್ಯಾಳಿಗೆ ಬಂದು ಮೈಗಳ್ಳತನ ಮಾಡಿದವಳ ಹೊಲಕ್ಕೆ ಉಳಿದವರು ಹೋದಾಗ ಹೇಗೆ ಅಷ್ಟೇ ಮೈಗಳ್ಳತನ ಅಳೆದು ಮಾಡಿ ಬರುತ್ತಾರೆ ಎಂದು ಅರ್ಧ ತಾಸು ಹೇಳಿದಳು. ಹನ್ನೊಂದು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಯಾರೂ ತೂಕಡಿಸದ ಅರ್ಧ ತಾಸು ಅದೊಂದೇ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಬಾಗಿಲಲ್ಲಿ ಹಿಂತಿರುಗಿ ಹೇಳಿದಳು: "ಮುಯ್ಯಿ ತೀರ್ತು ನೋಡ್ರಿ ಸರ. ಇನ್ನ ನಮ್ಮ ಹೊಲದ ಕಡೆ ಹಾಯಬ್ಯಾಡ್ರಿ."

3. ಪುಕ್ಕಟೆ

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸತು. ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬರುತ್ತಿದ್ದೆ, ನಿಂತುಕೊಂಡು. ಪಕ್ಕದಲ್ಲಿ ನಿಂತವರು ನನ್ನ ವಿಚಾರ ಕೇಳಿದರು. ಪುಕ್ಕಟೆ ಕೊಟ್ಟದ್ದು ಮನುಷ್ಯನನ್ನು ಆಲಸಿ ಮಾಡುತ್ತದೆ ಎಂದು ಶುರುಮಾಡಿದೆ. ಕೆಳಗೆ ಸೀಟಿನಲ್ಲಿ, ಮಡಿಲಲ್ಲಿ ಮೆಂತ್ಯೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕಿ ತಲೆ ಎತ್ತಿದಳು.

"ಯಪ್ಪಾ, ನೀ ಸಾಲಿ ಎಲ್ಲಿ ಕಲ್ತಿ?"

"ಸರಕಾರಿ ಸಾಲಿರಿ."

"ಫೀ ಎಷ್ಟಿತ್ತು?"

"ಫೀ ಇರಲಿಲ್ರಿ."

"ಮುಂದ ಕಲಿಯಾಕ ಹೋದಾಗ ಎಲ್ಲಿ ಇರತಿದ್ದಿ?"

"ಸರಕಾರಿ ಹಾಸ್ಟೆಲ್ಲಿನಾಗ."

"ಊಟಾ?"

"ಅಲ್ಲೇರಿ."

"ಪುಕ್ಕಟೆ?"

ನಾನು ಕಿಟಕಿಯ ಹೊರಗೆ ಕಬ್ಬು ನೋಡಿದೆ. ಕಂಡಕ್ಟರ್ ನನ್ನ ಪರವಾಗಿ ಬಂದ. "ಅವ್ವಾ, ಸುಮ್ನಿರು. ಅವರು ಕಾಲೇಜಿನಾಗ ಲೆಕ್ಚರರ್ ಅದಾರ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗಾರ ಅವರು ಹೇಳೂದು ಖರೇ ಐತಿ ಬಿಡು. ಪುಕ್ಕಟೆ ಉಂಡು ಆಲಸಿ ಆಗ್ಯಾರ."

ಆ ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಹುಡುಕಬೇಕಾಗುತ್ತಿತ್ತು. ಆದರೂ ಅದಿಲ್ಲದಿದ್ದರೆ ನಾನು ಓದುತ್ತಿರಲಿಲ್ಲ. ಇಷ್ಟು ಸಣ್ಣ ಸಂಗತಿ ಹದಿನೈದು ವರ್ಷ ನನಗೆ ಹೊಳೆದಿರಲಿಲ್ಲ. ಈಗ ತೆರಿಗೆ ಕಟ್ಟುವಾಗ ಗೊಣಗುವುದಿಲ್ಲ. ಕಟ್ಟಿದ ಮೇಲೆ ಗೊಣಗುತ್ತೇನೆ.

4. ಸರ್ವಾನುಮತ

ಸವದತ್ತಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗ ದಾಡಿ ಮಾಡಿಸಲು ಕೂತೆ. ಅಂಗಡಿಯವನು ಕತ್ತಿಯನ್ನು ಗಂಟಲಿಗೆ ಇಟ್ಟು, "ಸರ, ಈ ಸರಕಾರದ ಬಗ್ಗೆ ನಿಮ್ಮ ವಿಚಾರ ಏನ್ರಿ?" ಎಂದ.

"ನಿಮ್ಮದು ಹೇಳ್ರಿ," ಎಂದೆ, ತುಟಿ ಮಾತ್ರ ಅಲುಗಿಸಿ.

ಅವನು ಹೇಳಿದ. ಪೂರ್ತಿ ತಪ್ಪು. "ಖರೇ ಅಲ್ಲೇನ್ರಿ?"

"ಖರೇ."

ಬೆಂಚಿನ ಮೇಲೆ ಕಾಯುತ್ತಿದ್ದವನೊಬ್ಬ "ಅದ್ಹೆಂಗ ಖರೇ?" ಎಂದು ದನಿ ಏರಿಸಿದ.

"ನೀವು ತಡೀರಿ. ನಿಮ್ಮ ಪಾಳಿ ಬಂದಾಗ ಕೇಳತೇನಿ."

ನನ್ನ ದಾಡಿ ಮುಗಿದು ನಾನು ಮುಖ ಒರೆಸಿಕೊಳ್ಳುವಷ್ಟರಲ್ಲಿ ಅವನೂ ಕುರ್ಚಿಯಲ್ಲಿ ಕೂತ. ಗಂಟಲಿಗೆ ಕತ್ತಿ ಬಂದಾಗ ಅವನೂ ಖರೇ ಎಂದ. ಅಂಗಡಿಯವನು ಸಂತೋಷದಿಂದ ನನ್ನ ಕಡೆ ತಿರುಗಿದ.

"ಇಪ್ಪತ್ತು ವರ್ಷ ಆತ್ರಿ ಸರ, ಈ ಕುರ್ಚಿಯಾಗ ಕುಂತು ಒಬ್ಬರೂ ನನಗ ಎದರಾಡಿಲ್ಲ. ನನ್ನ ವಿಚಾರ ಅಷ್ಟು ಖರೇ ಅದಾವು ನೋಡ್ರಿ."

ಈಗ ಯಾವ ಸಭೆಯಲ್ಲಿ 'ಸರ್ವಾನುಮತದಿಂದ' ಎಂದು ಓದಿದರೂ ನನ್ನ ಕೈ ತಾನಾಗಿ ಗಂಟಲಿಗೆ ಹೋಗುತ್ತದೆ.

5. ಆಯಿಯ ಪ್ರಶ್ನೆ

ನೋಟುಬುಕ್ಕಿನಲ್ಲಿ 'ಮೂಲ' ಎಂಬ ಕಡೆ ಒಬ್ಬ ವಿದ್ವಾಂಸನ ಹೆಸರೂ ಬರಲಿಲ್ಲ. ಬಂದ ನಾಲ್ವರಿಗೂ ನಾನು ಋಣಿ. ಅದನ್ನು ಅವರಿಗೆ ಹೇಳಿಲ್ಲ. ಹೇಳಲು ಹೋದರೆ ಇನ್ನೊಂದು ಪಾಠ ಆಗುತ್ತದೆ.

ಭಾನುವಾರ ಸೋದರಮಾವನ ಜೊತೆ ಯರಗಟ್ಟಿಗೆ ಹೋದೆ. ಗಣಪತಿ ಕಳಿಸಿ ಎರಡು ದಿನವಾಗಿತ್ತಷ್ಟೆ. ಆ ಮನೆಯ ಪಡಸಾಲೆಯ ನಡುವೆ ಎದೆಮಟ್ಟದ ಒಂದು ಗೋಡೆ. ಈಚೆ ಹುಡುಗಿಯ ಅಪ್ಪ, ಆಚೆ ಮಾತು ಬಿಟ್ಟ ಕಾಕಾ. ಕಾಕಾ ಪೇಪರ್ ಓದುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಪೇಪರ್ ಮಾತ್ರ. ಹುಡುಗಿ ಇನ್ನೂ ಒಳಗೆ ಚಹಾ ಸೋಸುತ್ತಿದ್ದಳು. ಅವಳ ಆಯಿ, ಎಂದರೆ ಅಜ್ಜಿ, ನನ್ನ ಎದುರು ಬಂದು ಕೂತಳು.

"ತಮ್ಮಾ, ನಿಮ್ಮ ಮನಿಯಾಗ ಪಕ್ಷ ಹೆಂಗಪಾ?"

ಪೇಪರ್ ಸ್ವಲ್ಪ ಕೆಳಗಿಳಿಯಿತು. ಅಪ್ಪ ನೆಟ್ಟಗೆ ಕೂತರು. ಇದೇ ಪರೀಕ್ಷೆ, ಇಲ್ಲಿ ತಪ್ಪಿದರೆ ಹುಡುಗಿ ಕೈತಪ್ಪುತ್ತಾಳೆ ಎಂದು ನಾನು ಎಚ್ಚರಾದೆ.

"ಮನಿಯಾಗ ಉಳದವ್ರು ಮಾಡತಾರ್ರಿ ಆಯಿ. ನಾ ಬಿಟ್ಟೇನಿ."

"ಬಿಟ್ಟಿ? ಪೂರ್ತಿ?"

"ಪೂರ್ತಿ. ಯಾ ಪಕ್ಷದ ಮ್ಯಾಲೂ ನನಗ ನಂಬಿಕಿ ಉಳದಿಲ್ಲ."

ಸೋದರಮಾವ ನನ್ನ ಕಾಲು ತುಳಿದ. ಭೇಷ್ ಎನ್ನುತ್ತಿದ್ದಾನೆ ಎಂದುಕೊಂಡೆ.

"ಯಾಕಪಾ, ಅವ್ರು ನಿನಗ ಏನ ಮಾಡ್ಯಾರ?"

"ಏನೂ ಮಾಡಿಲ್ಲ, ಅದಕ್ಕ ಬಿಟ್ಟೇನ್ರಿ. ಬರತಾರ, ಉಣತಾರ, ಹೋಗತಾರ. ಮುಂದ ಐದು ವರ್ಷ ಈ ಕಡೆ ಮಾರಿ ತೋರಸೂದಿಲ್ಲ."

"ಐದು ವರ್ಷ! ನಮ್ಮವ್ರು ವರ್ಷಾ ತಪ್ಪದ ಬರತಾರಲ್ಲೋ!"

"ನಿಮ್ಮ ಪುಣ್ಯಾ ಆಯಿ. ನಮ್ಮ ಊರಿಗೆ ಬರಬೇಕಂದ್ರ ಅವರಿಗೆ ಗಾಡಿ ಕಳಸಬೇಕು, ಹಾರಾ ಹಾಕಬೇಕು."

"ಹಾರಾ ನಾವೂ ಹಾಕತೇವಿ," ಎಂದಳು ಆಯಿ, ಗೋಡೆಗೆ ತೂಗುಹಾಕಿದ ತನ್ನ ಗಂಡನ ಫೋಟೊ ನೋಡುತ್ತ. "ಆದ್ರ ಗಾಡಿ?"

ಆಗ ನನಗೆ ಹೊಳೆಯಿತು. ಗಣಪತಿ ಹೋದ ಮೇಲೆ ಬರುವುದು ಪಕ್ಷಮಾಸ, ತೀರಿಹೋದ ಹಿರಿಯರಿಗೆ ಎಡೆ ಇಡುವ ಹದಿನೈದು ದಿನ. ನಮ್ಮ ಕಡೆ ಅದಕ್ಕೂ ಪಕ್ಷ ಎಂದೇ ಹೆಸರು. ಆಯಿ ಕೇಳಿದ್ದು ಆ ಪಕ್ಷ. ಸತ್ತ ಹಿರಿಯರೆಲ್ಲ ತಿಂದು ಹೋಗುವವರು ಎಂದು ನಾನು ಅವಳ ಎದುರಿಗೆ ಹೇಳಿಯಾಗಿತ್ತು.

ಬಾಗಿಲಲ್ಲಿ ಹುಡುಗಿ ಚಹಾದ ತಾಟನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತು ನಗುತ್ತಿದ್ದಳು. ಗೋಡೆಯಾಚೆ ಪೇಪರ್ ಗಡಗಡ ನಡುಗಿತು. ಆಮೇಲೆ ಅದರ ಹಿಂದಿನಿಂದ ದನಿ ಬಂತು.

"ಅಣ್ಣಾ, ಈ ಹುಡುಗನ್ನ ಬಿಡಬ್ಯಾಡೋ!"

ಅಪ್ಪ ಕಣ್ಣೊರೆಸಿಕೊಳ್ಳುತ್ತ, "ಅಲ್ಲಿಂದ ಯಾಕ ಒದರತಿ? ಇಲ್ಲಿ ಬಾ," ಎಂದರು. ಅಣ್ಣ ತಮ್ಮ ಎರಡು ವರ್ಷದ ನಂತರ ಆಡಿದ ಮೊದಲ ಮಾತು. ನಗುವುದಕ್ಕಾದರೂ ನಾನು ಉಪಯೋಗಕ್ಕೆ ಬಂದೆ.

ಹುಡುಗಿ ನೋಟುಬುಕ್ಕು ಕೇಳಿ ತೆಗೆದುಕೊಂಡಳು. ಅಲ್ಲೇ ಕೂತು ಪೂರ್ತಿ ಓದಿದಳು. ಚಹಾ ಆರಿತು. ನಾನು ಆರಿದ್ದನ್ನೇ ಕುಡಿದೆ.

"ಇದ್ರಾಗ ಎಲ್ಲಾರೂ ನಿಮ್ಮ ಮರ್ಯಾದಿ ತಗದಾರಲ್ರಿ. ಯಾರ ಕೂಡಾನೂ ಮಾತು ಬಿಡಲಿಲ್ಲಾ?"

"ಅವರು ಹೇಳಿದ್ದು ಖರೇ ಇತ್ರಿ."

ಅವಳು ನೋಟುಬುಕ್ಕು ಮುಚ್ಚಿದಳು. "ಹೂಂ," ಎಂದಳು.

ನಾನು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಆಯಿ ಕೈ ಎತ್ತಿದಳು. "ನನ್ನದೊಂದು ಕರಾರ ಐತಿ. ಓಟಿನ ಪಕ್ಷ ಬೇಕಾದ್ರ ಬಿಡಲಿ. ಹಿರ್ಯಾರ ಪಕ್ಷ ಹಿಡೀಬೇಕು."

ಹಿಡಿದೆ. ಮದುವೆಯಾಗಿ ವರ್ಷವಾಯಿತು. ಈಗ ಯರಗಟ್ಟಿಗೆ ಹೋದಾಗ ಯಾರಾದರೂ ನನ್ನ ವಿಚಾರ ಕೇಳಿದರೆ ನಾನು ಬಾಯಿ ತೆರೆಯಬೇಕಾಗಿಲ್ಲ. ಆಯಿಯೇ ಉತ್ತರ ಕೊಡುತ್ತಾಳೆ.

"ನಮ್ಮ ಅಳಿಯಾ ಸತ್ತವ್ರ ಪಕ್ಷದಾಂವ. ಬಾಳ ಚಲೋ ಪಕ್ಷ ಅದು. ನೀಡಿದ್ದು ಉಣತಾರ, ಭಾಷಣಾ ಮಾಡೂದಿಲ್ಲ. ಮತ್ತ ಒಮ್ಮಿ ಸೇರಿದವ್ರು ಇವತ್ತಿನತನಾ ಒಬ್ಬರೂ ಬಿಟ್ಟು ಬಂದಿಲ್ಲ."