ಸೊಸೆಯ ಕಪಾಟಿಗೆ ಅತ್ತೆಯ ಕಟ್ಟಳೆ

ನಾನು ಸುಮ್ಮನೆ ಕೂತಿದ್ದರೂ ನಗುವಂಥದ್ದು ಏನಾದರೊಂದು ನಮ್ಮನೆ ಬಾಗಿಲು ಹುಡುಕಿಕೊಂಡು ಬರುತ್ತದೆ. ಈಗೀಗ ಅದು ಸೊಸೆಯ ಕಂಪ್ಯೂಟರಿನೊಳಗಿಂದ ಬರುತ್ತಿದೆ. ನಾನು ಶಾಲೆಗೆ ಹೋದವಳಲ್ಲ. ಅಕ್ಷರ, ಅಂಕಿ ಎಲ್ಲ ಮಕ್ಕಳ ಪಾಟಿ ನೋಡಿ ಕಲಿತದ್ದು. ಆದರೂ ಈ ವಯಸ್ಸಿನಲ್ಲಿ ನನಗೊಂದು ಕೆಲಸ ಸಿಕ್ಕಿತು.

೧. ಕೆಲಸ ಸಿಕ್ಕಿದ್ದು

ಸೊಸೆ ಇಲ್ಲೇ ಕೋಡಿಬಾಗದ ಮರದ ಕಾರ್ಖಾನೆಯಲ್ಲಿ ಕ್ಯಾಟಲಾಗ್ ಮಾಡುತ್ತಾಳೆ. ಮೇಜು, ಕಪಾಟು, ತುರಿಮಣೆ ಎಲ್ಲದರ ಚಿತ್ರ ಅದರಲ್ಲಿದೆ. ಗಿರಾಕಿ ಮನೆಯಲ್ಲೇ ಕೂತು ಉದ್ದ, ಅಗಲ, ಎತ್ತರದ ಅಂಕಿ ಒತ್ತಿದರೆ ಚಿತ್ರ ಹಾಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಅದೇ ಅಳತೆಗೆ ಕಾರ್ಖಾನೆಯಲ್ಲಿ ಮರ ಕೊಯ್ಯುತ್ತಾರೆ. ಯಾವ ಅಂಕಿ ಎಷ್ಟರವರೆಗೆ ಹೋಗಬಹುದು, ಒಂದು ಬದಲಾದರೆ ಇನ್ನೊಂದು ಏನಾಗಬೇಕು ಅನ್ನುವ ಕಟ್ಟಳೆ ಹಾಕುವುದು ಇವಳ ಕೆಲಸ.

ಒಂದು ಕಟ್ಟಳೆ ತಪ್ಪಿ, ಅಂಕೋಲೆಯ ಮನೆಯೊಂದಕ್ಕೆ ಹೋದ ಕಪಾಟಿನ ಡ್ರಾವರ್ ಬಾಗಿಲಿಗೆ ತಾಗಿ ಅರ್ಧಕ್ಕೇ ನಿಂತಿತು. ಕಾರ್ಖಾನೆಯ ಧನಿಗಳು ಖಡಕ್ಕಾಗಿ ಹೇಳಿಬಿಟ್ಟರು: ಬರುವ ಸೋಮವಾರ ತಾವೇ ಒತ್ತಿ ನೋಡುತ್ತಾರಂತೆ. ಇನ್ನೊಂದು ತಪ್ಪು ಸಿಕ್ಕಿದರೆ ಕ್ಯಾಟಲಾಗೂ ಬೇಡ, ಇವಳೂ ಬೇಡ.

ಸೊಸೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಕಂಪ್ಯೂಟರ್ ತಂದು ನನ್ನ ಮುಂದಿಟ್ಟಳು. "ಅತ್ತೆ, ನೀವು ಮನಸ್ಸಿಗೆ ಬಂದ ಹಾಗೆ ಒತ್ತಿ. ನನ್ನ ಕೆಲಸದಲ್ಲಿ ತಪ್ಪು ಹುಡುಕಿ ಕೊಡಬೇಕು."

ಪಕ್ಕದ ಮನೆಯವಳಿಗೆ ಈ ಸುದ್ದಿ ಹೇಳಿದರೆ ಅವಳು ನಂಬಲೇ ಇಲ್ಲ. "ಹನ್ನೆರಡು ವರ್ಷದಿಂದ ನಾನು ಇದೇ ಕೆಲಸ ಬಿಟ್ಟಿ ಮಾಡ್ತಾ ಇದ್ದೇನೆ, ನನ್ನ ಸೊಸೆ ಒಂದು ದಿನವೂ ಹೀಗೆ ಕರೆದು ಕೂರಿಸಲಿಲ್ಲ," ಅಂದಳು.

೨. ಒಂಟಿಕಾಲು

ಮೊದಲಿಗೆ ಊಟದ ಮೇಜು. 'ಕಾಲು ಎಷ್ಟು' ಅಂತ ಕೇಳಿತು. ನಾಲ್ಕು ಅಂತ ಎಲ್ಲರೂ ಒತ್ತುತ್ತಾರೆ. ಒಂದು ಒತ್ತಿದರೆ ಏನಾಗುತ್ತದೋ ನೋಡುವ ಅಂತ ನನಗೆ. ಒತ್ತಿದೆ. ಆರು ಜನ ಉಣ್ಣುವ ಮೇಜು ಒಂದು ಮೂಲೆಯ ಒಂದೇ ಕಾಲಿನ ಮೇಲೆ ನೆಟ್ಟಗೆ ನಿಂತಿತು, ಒಂಚೂರೂ ಅಲ್ಲಾಡದೆ.

ಸೊಸೆ ನಾಲಿಗೆ ಕಚ್ಚಿಕೊಂಡಳು. ಕಾಲು ಎಷ್ಟಕ್ಕಿಂತ ಕಮ್ಮಿ ಆಗಬಾರದು ಅನ್ನುವ ಕಟ್ಟಳೆ ಬಿಟ್ಟೇಹೋಗಿತ್ತಂತೆ.

"ಕಾಳಿ ನದಿಯ ಬೆಳ್ಳಕ್ಕಿ ಹೀಗೆ ನಿಲ್ತದೆ ಮಾರಾಯ್ತಿ," ಅಂದೆ, "ಅದೂ ಮೀನು ಸಿಗೂವರೆಗೆ ಮಾತ್ರ."

೩. ತಂಗಿಯ ತುರಿಮಣೆ

ಮಂಜಗುಣಿಯಿಂದ ನನ್ನ ತಂಗಿ ಬಂದಿದ್ದಳು. ಮೈ ಕೈ ತುಂಬಿಕೊಂಡವಳು. ಕಾಯಿ ತುರಿಯುವಾಗ ಅರ್ಧ ಮಣೆಯ ಮೇಲೆ, ಅರ್ಧ ನೆಲದ ಮೇಲೆ ಅಂತ ಅವಳ ದೂರು. ಸರಿ, ಕೂರುವ ಹಲಗೆಯ ಅಗಲ ದುಪ್ಪಟ್ಟು ಮಾಡಿದೆ. ಅಗಲ ಬೆಳೆದರೆ ಉಳಿದದ್ದೂ ಅದೇ ಲೆಕ್ಕದಲ್ಲಿ ಬೆಳೆಯಲಿ ಅಂತ ಸೊಸೆ ಕಟ್ಟಳೆ ಹಾಕಿದ್ದಳು. ತುರಿಯುವ ಹಲ್ಲು ಎಷ್ಟು ಮೇಲೆ ಹೋಯಿತು ಅಂತ ನನಗೆ ಕುತೂಹಲ. ತಂಗಿಯನ್ನು ನಮ್ಮನೆ ಮಣೆಯ ಮೇಲೆ ಕೂರಿಸಿ, ಚಿತ್ರ ತೋರಿಸಿದಷ್ಟು ಎತ್ತರವನ್ನು ನೆಲದಿಂದ ಗೇಣು ಹಾಕುತ್ತ ಅಳೆದೆ. ಸರಿಯಾಗಿ ಅವಳ ಗಲ್ಲಕ್ಕೆ ಬಂತು.

"ಇದರಲ್ಲಿ ಕಾಯಿ ತುರಿಯಲಿಕ್ಕೆ ಆಗೂದಿಲ್ಲ ತಂಗಿ. ನಿನ್ನ ಗಂಡನ ಗಡ್ಡ ತೆಗೆಯಲಿಕ್ಕೆ ಆದೀತು."

"ಅಷ್ಟು ಹೊತ್ತು ಅವರು ಬಾಯಿ ಮುಚ್ಚಿ ಕೂರ್ತಾರೆ ಅಂತಾದರೆ ಇದನ್ನೇ ಮಾಡಿಸಕ್ಕ," ಅಂದಳು ಅವಳು.

೪. ಏಣಿ

ಆಮೇಲೆ ಅಡುಗೆಮನೆಯ ಗೋಡೆ ಕಪಾಟು. ಎತ್ತರ ಹೆಚ್ಚಿಸಿದ ಹಾಗೆ ಬಾಗಿಲಿನ ಹಿಡಿಯೂ ಮಾಡಿನ ಕಡೆಗೆ ಹೊರಟಿತು. ಹಿಡಿಯನ್ನು ಅವಳು ಮೇಲಿನ ಅಂಚಿನಿಂದ ಅಳೆದು ಕೂರಿಸಿದ್ದಳು.

"ಇದನ್ನ ತೆಗೆಯಲಿಕ್ಕೆ ಏಣಿ ಬೇಕು. ಆ ಏಣಿ ಎಲ್ಲಿಡೂದು, ಕಪಾಟಿನ ಒಳಗಾ?"

ಅವಳು ಅದನ್ನು ತಿದ್ದಿದಳು. ಹೇಗೂ ಕೂತಿದ್ದೇನೆ ಅಂತ ನಾನೂ ಒಂದು ಕಟ್ಟಳೆ ಹಾಕಿಸಿದೆ. ಅಡುಗೆ ಮಾಡುವವರ ಎತ್ತರ ಮೊದಲು ಕೇಳಬೇಕು. ಮೇಲಿನ ಹಲಗೆ ಅವರ ಕೈಗೆ ಎಟಕದಿದ್ದರೆ 'ಆಗದು' ಅಂತ ಕೆಂಪಕ್ಷರ ಬರಬೇಕು. ಮರದ ಅಳತೆ ಕೇಳಬಹುದು, ಮನೆಯವರ ಅಳತೆ ಕೇಳುವುದು ಹೇಗೆ ಅಂತ ಅವಳು ಅನುಮಾನಿಸಿದಳು. ಯಾರೂ ಕೇಳದ್ದಕ್ಕೇ ಊರಿನ ಹೆಂಗಸರೆಲ್ಲ ಮಣೆ ಇಟ್ಟು ಹತ್ತೂದು ಅಂದೆ.

೫. ಸೋಮವಾರ

ಕಾರ್ಖಾನೆಗೆ ನನ್ನನ್ನೂ ಕರೆದುಕೊಂಡು ಹೋದಳು. ಧನಿಗಳು ಇಪ್ಪತ್ತು ಫೂಟಿನ ಮೇಜು ಒತ್ತಿದರು, ಆಗದು. ಸೊನ್ನೆ ಕಾಲು, ಆಗದು. ಡ್ರಾವರ್ ಎಳೆದು ನೋಡಿದರು, ಬಾಗಿಲಿಗೆ ತಾಗಲಿಲ್ಲ. ಸೊಸೆಯ ಮುಖಕ್ಕೆ ಬಣ್ಣ ಬಂತು. ಕೊನೆಗೆ ಅವರು ತಮ್ಮ ಮನೆಯ ಅಡುಗೆ ಕಪಾಟಿನ ಅಳತೆಯನ್ನೇ ಒತ್ತಿ, ಹೆಂಡತಿಯ ಎತ್ತರವನ್ನೂ ಹಾಕಿದರು.

ಕೆಂಪಕ್ಷರ: ಆಗದು.

"ಹದಿನೈದು ವರ್ಷದ ಹಿಂದೆ ನಾನೇ ನಿಂತು ಮಾಡಿಸಿದ ಕಪಾಟು ಇದು," ಧನಿಗಳ ದನಿ ಏರಿತು. "ಗೋಡೆಯಲ್ಲಿ ಇದ್ದದ್ದನ್ನೇ ಆಗದು ಅನ್ತದಲ್ಲ, ಇದು ತಪ್ಪಲ್ಲವಾ?"

ಸೊಸೆ ನನ್ನ ಮುಖ ನೋಡಿದಳು. ಅವಳ ಕೆಲಸ ಹೋದರೆ ಅದು ನನ್ನ ಕಟ್ಟಳೆಯಿಂದಲೇ.

"ಅಡುಗೆ ಮಾಡುವವರನ್ನೇ ಒಂದು ಮಾತು ಕೇಳಬಹುದಲ್ಲ," ಅಂದೆ.

ಅವರು ಎಲ್ಲರಿಗೂ ಕೇಳುವ ಹಾಗೆ ಫೋನ್ ಮೇಜಿನ ಮೇಲಿಟ್ಟರು. "ನಮ್ಮ ಕಪಾಟಿನ ಮೇಲಿನ ಹಲಗೆ ನಿನ್ನ ಕೈಗೆ ಸಿಗ್ತದಲ್ಲ? ಇಲ್ಲಿ ಕಂಪ್ಯೂಟರ್ ಸಿಗೂದಿಲ್ಲ ಅನ್ತದೆ."

ಆ ಕಡೆಯಿಂದ ಅವರ ಹೆಂಡತಿಯ ದನಿ ಬಂತು.

"ಹದಿನೈದು ವರ್ಷದಿಂದ ನಾನು ಹೇಳ್ತಾ ಇದ್ದದ್ದು ಅದೇ ಅಲ್ಲವಾ? ಆಗ ನಿಮಗೆ ಕೇಳಲಿಲ್ಲ. ಅದು ಒಂದು ಸಲ ಹೇಳಿದ್ದಕ್ಕೆ ಫೋನ್ ಮಾಡಿದಿರಿ. ಸಂಜೆ ಬರುವಾಗ ಅದನ್ನ ಮನೆಗೆ ತನ್ನಿ. ಅದರ ಬಾಯಲ್ಲಿ ಇನ್ನೂ ನಾಲ್ಕು ಮಾತು ಹೇಳಿಸೂದಿದೆ."

ಮರ ಕೊಯ್ಯುವವರೆಲ್ಲ ಗೋಡೆಯ ಕಡೆ ತಿರುಗಿ ನಿಂತರು. ಅವರ ಬೆನ್ನು ಮಾತ್ರ ಕುಲುಕುತ್ತಿತ್ತು. ಧನಿಗಳು ಫೋನನ್ನು ಕಿಸೆಗೆ ಹಾಕಿ ಸೊಸೆಯ ಕಡೆ ನೋಡಿದರು.

"ಕಟ್ಟಳೆ ಇರಲಿ. ನೀನೂ ಇರಮ್ಮ. ಈ ಕಂಪ್ಯೂಟರ್ ಮಾತ್ರ ನಮ್ಮನೆ ಕಡೆ ತರಬೇಡ."