ದಂತವೈದ್ಯರ ಮನೆಗೆ ಬಂದ ಪಿಯಾನೊ

"ನಮ್ಮ ಪುಟ್ಟಿ ಮತ್ತೆ ಪಿಯಾನೊ ನುಡಿಸೋ ಹಾಗೆ ಮಾಡದಿದ್ರೆ ಕ್ಲಿನಿಕ್ಕಿನ ಬೋರ್ಡು ಇಳಿಸಿಬಿಡ್ತೀನಿ" ಎಂದು ದಂತವೈದ್ಯರು ಕಾಫಿ ಲೋಟ ಕೆಳಗಿಟ್ಟು ಘೋಷಿಸಿದರು. ಸಿಂಹಾಸನವೊಂದಿಲ್ಲ ಎನ್ನುವುದು ಬಿಟ್ಟರೆ ಗತ್ತಿಗೇನೂ ಕೊರತೆಯಿರಲಿಲ್ಲ.

ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳ ಬೆರಳು ತಪ್ಪಿತ್ತು, ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ಅರ್ಧಕ್ಕೇ ಎದ್ದು ಬಂದ ಹುಡುಗಿ ಮತ್ತೆ ನುಡಿಸಲು ಕೂರಲಿಲ್ಲ. ಅವಳ ಹಳೆಯ ಕೀಬೋರ್ಡಿನ ಮೇಲೆ ಈಗ ಇಸ್ತ್ರಿಗೆ ಕಾದ ಬಟ್ಟೆಗಳ ರಾಶಿ.

"ಇನ್ನೂರು ವರ್ಷದ ಹಿಂದೆ ಒಬ್ಬ ಮಹಾ ಸಂಗೀತಗಾರ ನುಡಿಸಿದ ಪಿಯಾನೊ ಕಣೇ. ಅದರದೇ ಪ್ರತಿಕೃತಿ ತರಿಸ್ತಿದೀನಿ. ಅದರ ಮುಂದೆ ಕೂತ್ರೆ ಸಾಕು, ಬೆರಳು ತಾನಾಗೇ ಓಡುತ್ತೆ."

"ಪ್ರತಿಕೃತಿ ಅಂದ್ರೆ ನಕಲು ತಾನೇ?" ಹೆಂಡತಿ ಗಣಿತದ ಟೀಚರು. ಪರೀಕ್ಷೆಯಲ್ಲಿ ನಕಲು ಹಿಡಿಯುವುದರಲ್ಲಿ ಎತ್ತಿದ ಕೈ.

"ಪ್ರತಿಕೃತಿ ಬೇರೆ, ನಕಲು ಬೇರೆ."

"ಹೇಗೆ ಬೇರೆ?"

ಬೆಲೆಯಲ್ಲಿ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ದಂತವೈದ್ಯರು ಅದನ್ನು ಕಾಫಿಯ ಜೊತೆ ನುಂಗಿಕೊಂಡರು.

ಪಿಯಾನೊ ಬಂತು. ಮೂಲದಲ್ಲಿದ್ದ ಗೀರು, ಮೇಣದ ಕಲೆ, ಹುಳು ಕೊರೆದ ತೂತು, ಎಲ್ಲವೂ ಇದ್ದ ಹಾಗೇ ಇದ್ದವು. ಒಂದೊಂದನ್ನೂ ಹೆಂಡತಿಗೆ ತೋರಿಸಿ, ಎದೆಯುಬ್ಬಿಸಿಕೊಂಡು ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. ನಟ್ಟನಡುವಿನ ಒಂದು ಕೀ ಸದ್ದೇ ಮಾಡಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ ಅತ್ತಲಿಂದ ಜೇನಿನಂಥ ದನಿ: "ಮೂಲದಲ್ಲೂ ಆ ಕೀ ನುಡಿಯಲ್ಲ ಸರ್. ಅದನ್ನ ಹಾಗೇ ತರೋಕೆ ನಮ್ಮೋರು ಬಹಳ ಕಷ್ಟಪಟ್ಟಿದಾರೆ."

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಕಲು ಹೊಡೆಯೋರನ್ನ ನಾನು ಹಿಡಿಯೋದೂ ಹೀಗೇ ರೀ. ಪಕ್ಕದವನ ತಪ್ಪನ್ನೂ ಬಿಡದೆ ಬರ್ದಿರ್ತಾರೆ."

ದಂತವೈದ್ಯರ ಸ್ವಾಭಿಮಾನ ಕೆರಳಿತು. ದಿನ ಬೆಳಗಾದರೆ ಅಲುಗಾಡುವ ಹಲ್ಲುಗಳನ್ನು ಗಟ್ಟಿ ಮಾಡುವ ಕೈಗೆ ಒಂದು ಕೀ ಯಾವ ಲೆಕ್ಕ! ಹಣೆಗೆ ದೀಪ ಕಟ್ಟಿಕೊಂಡರು. ಇಕ್ಕಳ, ಪುಟ್ಟ ಕನ್ನಡಿ, ಹಲ್ಲಿಗೆ ತುಂಬುವ ಸಿಮೆಂಟು ಹೊರಬಂದವು. ಮುಚ್ಚಳ ಎತ್ತುವಾಗ ಅಭ್ಯಾಸಬಲದಿಂದ "ನೋವಾದ್ರೆ ಕೈ ಎತ್ತಿ" ಎಂದೂ ಹೇಳಿದರು.

ಪಿಯಾನೊ ಕೈ ಎತ್ತಲಿಲ್ಲ, ಭಯಂಕರವಾಗಿ ಕಿರುಚಿತು. ಸಿಮೆಂಟು ಒಣಗುವ ಹೊತ್ತಿಗೆ ಮೂಕ ಕೀ ಮೂಕವಾಗಿಯೇ ಇತ್ತು, ಅದರ ಎಡಬಲದ ಎರಡು ಕೀಗಳೂ ಮೌನವ್ರತ ಹಿಡಿದಿದ್ದವು.

ಸದ್ದಿಗೆ ಮಗಳು ಕೋಣೆಯಿಂದ ಆಚೆ ಬಂದಳು.

"ಹಾಳು ಮಾಡ್ಬಿಟ್ಟೆ ಪುಟ್ಟಿ" ಎಂದರು ಅಪ್ಪ. ಅವರ ಮುಖ ನೋಡುವಂತಿರಲಿಲ್ಲ.

ಅವಳು ಒಂದು ಕೀ ಒತ್ತಿದಳು, ಇನ್ನೊಂದು ಒತ್ತಿದಳು, ಮೆಲ್ಲಗೆ ಕೂತಳು. ವಾರ್ಷಿಕೋತ್ಸವದ ಅದೇ ರಾಗ ಕುಂಟುತ್ತಾ ಹೊರಟು ನಡುವೆ ಮೂರು ಕಡೆ ಗುಂಡಿಗೆ ಬಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಇದ್ರಲ್ಲಿ ಯಾರು ನುಡಿಸಿದ್ರೂ ತಪ್ಪೇ ಬರೋದು, ಅಲ್ವಾಮ್ಮ?"

"ಆ ಮಹಾ ಸಂಗೀತಗಾರ ಎದ್ದು ಬಂದ್ರೂ ಅಷ್ಟೇ."

ಅಂದು ಅವಳನ್ನು ಊಟಕ್ಕೆ ಎಬ್ಬಿಸುವುದೇ ಕಷ್ಟವಾಯಿತು. ಮರುದಿನವೂ ಕೂತಳು, ಅದರ ಮರುದಿನವೂ ಕೂತಳು. ತಪ್ಪುಗಳೆಲ್ಲ ಪಿಯಾನೊದ ತಲೆಗೆ ಹೋಗುತ್ತಿದ್ದುದರಿಂದ ಬೆರಳುಗಳಿಗೆ ಹೆದರಿಕೆಯೇ ಇರಲಿಲ್ಲ. "ನಿಮ್ಮ ನಕಲು ದಂಡವಾಗಲಿಲ್ಲ ಬಿಡಿ" ಎಂದು ಹೆಂಡತಿಯೂ ಒಪ್ಪಿಕೊಂಡಳು.

ಆದರೂ ತಪ್ಪು ತಪ್ಪೇ ಎನ್ನುವ ಟೀಚರು ತಾನೇ ರಿಪೇರಿಯವನನ್ನು ಕರೆಸಿದಳು. ಅವನು ಸಿಮೆಂಟು ಕೆರೆದು, ಮೂಲದ ಮೂಕ ಕೀಯನ್ನೂ ಸೇರಿಸಿ ಮೂರಕ್ಕೂ ದನಿ ಬರಿಸಿ ಹೋದ. ಇನ್ನು ನೆಪಕ್ಕೆ ಒಂದು ಕೀಯೂ ಉಳಿಯಲಿಲ್ಲ.

ಮಗಳು ನುಡಿಸತೊಡಗಿದಳು. ಅಂದು ವೇದಿಕೆಯಲ್ಲಿ ಎಡವಿದ ಜಾಗದಲ್ಲೇ ಬೆರಳು ತಪ್ಪಿತು, ನಿಂತಿತು. ಅಪ್ಪನಿಗೆ ತಡೆಯಲಾಗಲಿಲ್ಲ.

"ನಿಂದಲ್ಲ ಪುಟ್ಟಿ ತಪ್ಪು. ಆ ಕೀ ಇನ್ನೂ ಸಡಿಲ ಇದೆ. ತಾಳು, ಇಕ್ಕಳ ತರ್ತೀನಿ."

"ಕೀ ಸರಿಯಾಗಿದೆ ಅಪ್ಪ. ತಪ್ಪಿದ್ದು ನಾನೇ. ಇನ್ನೊಂದ್ಸಲ ನುಡಿಸ್ತೀನಿ, ನೀನು ಸುಮ್ನೆ ಕೂತ್ಕೋ."

ದಿನವಿಡೀ ಊರವರ ಬಾಯಿ ತೆಗೆಸುವ ದಂತವೈದ್ಯರು ಬಾಯಿ ಮುಚ್ಚಿಕೊಂಡು ಕೂತರು.