ನಮ್ಮ ಕುರಿದೊಡ್ಡಿಯ ಲಾಮಾ ಅವರಿಗೊಂದು ಅಹವಾಲು

ಮಾನ್ಯ ಲಾಮಾ ಅವರ ನಾಲ್ಕೂ ಪಾದಗಳಿಗೆ, ಅತ್ತಿಬೆಲೆ ಕೈಗಾರಿಕಾ ಪ್ರದೇಶದ ಹಿಂದೆ ಹದಿನೆಂಟು ಕುರಿ ಸಾಕಿಕೊಂಡಿರುವ ಹನುಮಂತರಾಯಪ್ಪನ ಸಾಷ್ಟಾಂಗ ವಂದನೆಗಳು.

ಮಾನ್ಯರೇ, ಪಕ್ಕದ ರೆಸಾರ್ಟಿನ ಮಾಲೀಕರಾದ ಅಂಬರೀಶ್ ಅವರು ಕಂಪನಿ ನೌಕರರ ಸೆಲ್ಫಿಗೆಂದು, ದಕ್ಷಿಣ ಅಮೆರಿಕದ ಒಂಟೆ ಕುಲದವರಾದ ತಮ್ಮನ್ನು ತರಿಸಿ, ರೆಸಾರ್ಟ್ ಮುಚ್ಚಿದಾಗ, "ಭಾರ ಹೊರುತ್ತೆ, ಉಣ್ಣೆ ಕೊಡುತ್ತೆ, ಕುರೀನೂ ಕಾಯುತ್ತೆ, ಇಟ್ಕೊಳ್ಳಿ ಅಣ್ಣ" ಎಂದು ನನ್ನ ದೊಡ್ಡಿಗೆ ದಾಟಿಸಿದ್ದು ತಮಗೆ ನೆನಪಿರಬಹುದು. ಲಾಮಾ ಬರುತ್ತಾರೆಂದು ಕೇಳಿ, ಯಾರೋ ಬೌದ್ಧ ಗುರುಗಳೇ ಇರಬೇಕೆಂದು ನನ್ನ ಅಕ್ಕ ಪಿಳ್ಳಮ್ಮ ಸೇವಂತಿಗೆ ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದಳು. ತಾವು ಹಾರಕ್ಕೆ ಕೊರಳೊಡ್ಡದೆ ಅದನ್ನು ತಿಂದಿರಿ. "ಪ್ರಸಾದ ಅಂತ ತಗೊಂಡವ್ರೆ, ಬುಡು" ಎಂದಳು ಅವಳು.

ಭಾರದ ವಿಷಯಕ್ಕೆ ಬಂದರೆ, ಎರಡು ಹಿಂಡಿ ಮೂಟೆ ಹೇರಿದ ಮೊದಲ ದಿನವೇ ತಾವು ಸರ್ವಿಸ್ ರಸ್ತೆಯ ನಡುವೆ ಕಾಲು ಮಡಚಿ ಕುಳಿತು, ಕಾರ್ಖಾನೆ ಬಸ್ಸುಗಳನ್ನೆಲ್ಲ ಸಾಲುಗಟ್ಟಿಸಿ, ಮೂಟೆಗಳು ನನ್ನ ತಲೆಗೆ ವರ್ಗವಾದ ಮೇಲೆಯೇ ಎದ್ದಿರಿ. ಇಷ್ಟು ಶಿಸ್ತಿನ ಮುಷ್ಕರವನ್ನು ಇಲ್ಲಿನ ಯಾವ ಕಾರ್ಮಿಕ ಸಂಘವೂ ನಡೆಸಿದ್ದಿಲ್ಲ. ಇನ್ನು ಉಣ್ಣೆ: ಕತ್ತರಿ ಕಂಡರೆ ತಾವು ಒದೆಯುವುದರಿಂದ, ನನ್ನ ಮೊಣಕಾಲಿನ ಊತವನ್ನೇ ಈ ವರ್ಷದ ಇಳುವರಿ ಎಂದುಕೊಂಡಿದ್ದೇನೆ.

ಆದರೆ ಕಳೆದ ಆಷಾಢದ ಆ ಮಧ್ಯಾಹ್ನವನ್ನು ಬರೆಯದಿದ್ದರೆ ದೂರು ಅಪೂರ್ಣವಾದೀತು. ನಾನು ಊಟಕ್ಕೆ ಹೋಗಿದ್ದಾಗ ಐದು ಬೀದಿನಾಯಿಗಳು ದೊಡ್ಡಿಗೆ ನುಗ್ಗಿ ಮರಿಯೊಂದನ್ನು ಕಚ್ಚಿದವು. ಪಿಳ್ಳಮ್ಮನ ಕೂಗು ಕೇಳಿ ಓಡಿಬಂದರೆ, ತಾವು ಕುರಿಗಳನ್ನೆಲ್ಲ ಮೂಲೆಗೆ ಸೇರಿಸಿ ಅವುಗಳ ಮುಂದೆ ನಿಂತು, ಕಿರುಚುತ್ತಾ, ಮುಂಗಾಲಿನಿಂದ ನಾಯಿಗಳನ್ನು ತುಳಿದು ಅಟ್ಟುತ್ತಿದ್ದಿರಿ. ತಮ್ಮ ಕಾಲಿನಿಂದ ರಕ್ತ ಸುರಿಯುತ್ತಿತ್ತು. ಮರಿ ಬದುಕಿತು. ತಮ್ಮ ಗಾಯಕ್ಕೆ ಅರಿಸಿನ ಹಚ್ಚಿ, ಆ ರಾತ್ರಿ ನಾನು ತಮ್ಮ ಪಕ್ಕದಲ್ಲೇ ಮಲಗಿದ್ದನ್ನು ಯಾರಿಗೂ ಹೇಳಬಾರದೆಂದು ವಿನಂತಿ.

ಅಂದಿನಿಂದ ಕುರಿಗಳು ನಾನು ಕರೆದರೆ ತಮ್ಮ ಮುಖ ನೋಡುತ್ತವೆ, ತಾವು ಹೆಜ್ಜೆಯಿಟ್ಟರೆ ಮಾತ್ರ ಮೇಯಲು ಹೊರಡುತ್ತವೆ. ಯಜಮಾನಿಕೆಯನ್ನು ವಾರಕ್ಕೊಮ್ಮೆಯಾದರೂ, ಭಾನುವಾರ ಅನುಕೂಲವಾದರೆ ಭಾನುವಾರ, ನನಗೆ ಬಿಟ್ಟುಕೊಡಬೇಕೆಂದು ಕೋರುತ್ತೇನೆ.

ಮೊನ್ನೆ ಅಂಬರೀಶ್ ಅವರು ರೆಸಾರ್ಟನ್ನು ಮತ್ತೆ ತೆರೆಯುವುದಾಗಿ ಹೇಳಿ, ತಮ್ಮನ್ನು ಒಯ್ಯಲು ಟೆಂಪೋ ತಂದರು. ನಾನು ಬಾಯಿ ತೆರೆಯುವ ಮೊದಲೇ ಪಿಳ್ಳಮ್ಮ ಗೇಟಿಗೆ ಅಡ್ಡ ನಿಂತು, "ಅವ್ರು ಎಲ್ಲೂ ಬರಾಕಿಲ್ಲ ಕಣಪ್ಪ. ಬೇಕಾದ್ರೆ ಇವುನ್ನ ಕರ್ಕೊಂಡೋಗು" ಎಂದು ನನ್ನ ಕಡೆ ಕೈ ತೋರಿಸಿದಳು. ಅಂಬರೀಶ್ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಟೆಂಪೋವನ್ನು ಖಾಲಿಯೇ ತಿರುಗಿಸಿದರು.

ತಮ್ಮ ಅನುಮತಿ ಸಿಕ್ಕಾಗ ಮಾತ್ರ ದೊಡ್ಡಿಯೊಳಗೆ ಕಾಲಿಡುವ,
ತಮ್ಮ ವಿಶ್ವಾಸಿ,
ಹನುಮಂತರಾಯಪ್ಪ

ಮರೆತ ಮಾತು: ಅಂಬರೀಶ್ ಹೊರಡುವಾಗ ತಾವು ಅವರತ್ತ ಉಗುಳಿದ್ದು ಅತ್ಯಂತ ಅಸಭ್ಯ ವರ್ತನೆ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಮುಂದಿನ ಸಲ ನಾನು ದೂರ ಸರಿಯುವವರೆಗಾದರೂ ದಯವಿಟ್ಟು ಕಾಯತಕ್ಕದ್ದು.